ಮಳೆಗಾಲದ ಮರವಂತೆಯಲ್ಲಿ ಅಂಜಲನ್ನು ಕೇಳದಿರೋಣ

ಘಾಜಿಯಾಬಾದಿನಲ್ಲಿ ನೆಲೆನಿಂತ ಕರಾವಳಿಯ ಕನ್ನಡಿಗರಿಗೆ, ಹಿಂಡನ್ ನದಿಯ ಮಲಿನ ಜಲವನ್ನೂ ಗ್ರೀಷ್ಮದ ಬಿಸಿಗಾಳಿಯನ್ನೂ ವರ್ಷವರ್ಷವೂ ಸಹಿಸಿದ ತರುವಾಯ, ಮಕ್ಕಳ ಶಾಲೆಗೆ ರಜೆ ಬಿದ್ದೊಡನೆ ಊರಿನ ರೈಲು ಹತ್ತಿ, ಕುಂದಾಪುರದ ಬಂಧುಗಳ ಮನೆಯಲ್ಲಿ ತಂಗಿ, ಒಂದು ಹಗಲನ್ನಾದರೂ ಮರವಂತೆಯ ಕಡಲ ತಡಿಯಲ್ಲಿ ಕಳೆಯಬೇಕೆಂಬ ಹಂಬಲವುಂಟಾಗುವುದು ಸಹಜವೇ ಸರಿ. ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವು ಭೋರ್ಗರೆಯುತ್ತಿದ್ದರೆ, ಮತ್ತೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿಯು, ಕಡಲಿನ ಇಷ್ಟು ಸಮೀಪಕ್ಕೆ ಬಂದೂ ಅದನ್ನು ಕೂಡದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯತ್ತ ಶಾಂತವಾಗಿ ಸಾಗುವ ಆ ದೃಶ್ಯಕ್ಕೆ ಎಣೆಯಾದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನನ್ನ ಆಕ್ಷೇಪವಿರುವುದು ಅಲ್ಲಿನ ಊಟದ ವಿಷಯದಲ್ಲಿ. ನಮ್ಮ ರಜೆಯ ಬಹುಭಾಗ ಜೂನ್ ತಿಂಗಳಿನದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಾದರೋ ಮೀನುಗಳ ಸಂತಾನಾಭಿವೃದ್ಧಿಗಾಗಿ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧವಾದ ಕಾಲ. ಬಂದರಿನಲ್ಲಿ ಬೋಟುಗಳು ಸಾಲುಗಟ್ಟಿ ಲಂಗರು ಹಾಕಿರುವುದನ್ನು ಕಣ್ಣಾರೆ ಕಂಡು ಬಂದವರೇ ಹೋಟೆಲಿನಲ್ಲಿ ಕುಳಿತು 'ಫ್ರೆಶ್' ಅಂಜಲ್ ಫ್ರೈಗಾಗಿ ಹಟ ಹಿಡಿಯುತ್ತಾರೆ. ಹೋಟೆಲಿನವರು ಗಿರಾಕಿಯನ್ನು ಕಳೆದುಕೊಳ್ಳಲಾರದೆ ಐಸಿನಲ್ಲಿಟ್ಟ ಹಳೆಯ ಮೀನನ್ನು ಹುರಿದುಕೊಡುತ್ತಾರೆ. ದೂರದಿಂದ ಬಂದವರ ಆಸೆಯನ್ನು ಅಲ್ಲಗಳೆಯಬಾರದೆನ್ನುವವರುಂಟು. ಆದರೆ ಆ ಋತುವಿನಲ್ಲಿ ಆ ನೆಲ ಕೊಡುವುದೇನು ಅಲ್ಪವೇ? ಮೊದಲ ಮಳೆಗೆ ಚಿಗುರಿದ ಕೆಸುವಿನೆಲೆಯ ಬೆನ್ನಿಗೆ, ನೆನೆದ ಅಕ್ಕಿಯನ್ನು ಹುಣಿಸೆ, ಮೆಣಸು, ಬೆಲ್ಲ, ತೆಂಗಿನಕಾಯಿಗಳೊಡನೆ ತರಿತರಿಯಾಗಿ ಅರೆದ ಹಿಟ್ಟನ್ನು ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದ ಪತ್ರೊಡೆಯನ್ನು ಬಾಳೆಲೆಯಲ್ಲಿಟ್ಟು ಕೊಬ್ಬರಿ ಎಣ್ಣೆ ಹನಿಸಿ ತಿಂದವರಿಗೆ ಬೇರೊಂದರ ನೆನಪು ಬರಲಾರದು. ಕಳಲೆಯ ಪಲ್ಯವಿದೆ, ಹಲಸಿನ ಕಡುಬಿದೆ, ಗಂಜಿಯೊಡನೆ ಒಣಮೀನಿನ ಚಟ್ನಿಯಿದೆ. ಹಸಿಮೀನೇ ಬೇಕೆಂದರೆ, ನಿಷೇಧದಿಂದ ವಿನಾಯಿತಿ ಪಡೆದಿರುವ ನಾಡದೋಣಿಯವರು, ಕಡಲು ಅನುಮತಿಸಿದ ದಿನ, ದಡದ ಸಮೀಪದಲ್ಲಿಯೇ ಬಲೆ ಬೀಸಿ ತಂದ ಚಟ್ಲಿ, ಬಂಗುಡೆಗಳು ಸಿಕ್ಕಾವು. ಸಿಕ್ಕದ ದಿನ ನೀರುದೋಸೆಗೆ ಕೋಳಿಸಾರು ಸಾಲದೇ?

ಕಡಲೂರಿನ ಅತಿಥಿಯಾದವನು ಆ ಊರಿನವರು ಆ ದಿನ ಉಣ್ಣುವುದನ್ನೇ ಕೇಳಿ ಉಣ್ಣತಕ್ಕದ್ದು. ನಾವು ಹಾಗೆ ಕೇಳತೊಡಗಿದರೆ ಹೋಟೆಲಿನವರೂ ಅದನ್ನೇ ಬಡಿಸುತ್ತಾರೆ, ಕೆಸು ಕೊಯ್ದು ಮಾರುವ ಹೆಂಗಸರಿಗೂ ನಾಲ್ಕು ಕಾಸು ದೊರೆಯುತ್ತದೆ. ಅಂಜಲನ್ನೇ ಬಯಸುವವರು ದಯಮಾಡಿ ತಮ್ಮ ಪ್ರಯಾಣವನ್ನು ದಸರೆಯ ರಜೆಗೆ ಮುಂದೂಡಲಿ. ಅಷ್ಟರೊಳಗೆ ಬೋಟುಗಳು ಕಡಲಿಗಿಳಿದು ಸುಮಾರು ಎರಡು ತಿಂಗಳಾಗಿರುತ್ತದೆ.