ಅಗಡಿಯ ಯುವಕನ ಹೆಸರಿನಲ್ಲಿ ಶರಾವತಿಗೆ ಕೊಳವೆ

ಹಾವೇರಿಯ ಬಳಿಯ ಅಗಡಿಯಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೊರಡುವ ಯುವಕನಿಗೆ ಅಲ್ಲಿಯ ಸಂಬಳ ಎಷ್ಟೆಂದು ಹೇಳುವವರು ಬಹಳ. ಆ ಸಂಬಳ ಎಲ್ಲಿ ಕರಗುವುದೆಂದು ಹೇಳುವವರು ವಿರಳ. ಮಲೆನಾಡಿನಿಂದ ಹೊರಡುವವರ ಪಾಡೂ ಬೇರೆಯಲ್ಲ.

ಮೊದಲ ಪೆಟ್ಟು ಮುಂಗಡದ್ದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಸಲ್ಲದೆಂದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಮಾದರಿ ಎಂದರೆ ಮಾದರಿಯಷ್ಟೇ! ಬೆಂಗಳೂರಿನ ರೂಢಿ ಐದಾರು ತಿಂಗಳಿನಿಂದ ಹತ್ತು ತಿಂಗಳವರೆಗಿನದು. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಉಂಟು. ತಂದೆ ಗೋವಿನಜೋಳ ಮಾರಿ ಕೂಡಿಟ್ಟ ಹಣ ಹೀಗೆ ಅಪರಿಚಿತರ ಕೈಯಲ್ಲಿ ಬಡ್ಡಿಯಿಲ್ಲದೆ ಕೂರುತ್ತದೆ.

ಎರಡನೆಯದು ನೀರು. ಬಡ ಸಂಬಳಕ್ಕೆ ನಿಲುಕುವ ಕೋಣೆಗಳಿರುವುದು ನಗರದ ಅಂಚಿನಲ್ಲಿ. ಅಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರುಗಳದೇ ರಾಜ್ಯ. 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಸರ್ಕಾರವೇ ಒಪ್ಪಿಕೊಂಡಿತು. ಟ್ಯಾಂಕರಿನವರ ಸುಲಿಗೆ ಮಿತಿಮೀರಿದಾಗ 12,000 ಲೀಟರಿಗೆ, 5 ಕಿ.ಮೀ. ಒಳಗಾದರೆ, 1,000 ರೂಪಾಯಿ ಎಂದು ದರ ಕಟ್ಟಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂಚಿನ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡಿತು. ಆ ನೀರನ್ನೂ ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಸಿಯೇ ತರಬೇಕು.

ಇಷ್ಟಾದ ಮೇಲೂ ನಗರಕ್ಕೆ ನೀರು ಸಾಲದು. ಜನ ಬರುತ್ತಿದ್ದಾರೆ, ಅವರಿಗೆ ಕುಡಿಯಲು ಬೇಡವೇ ಎಂಬುದು ಯೋಜನಾಕಾರರ ವಾದ. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯನ್ನು ಒಯ್ಯುವ ಪ್ರಸ್ತಾಪ ಬಂದದ್ದು ಇದೇ ವಾದದ ಬೆನ್ನೇರಿ. ಜಲಾಶಯದ ಪೂರ್ಣಮಟ್ಟ 1,819 ಅಡಿ. ಬೆಂಗಳೂರು ನಿಂತಿರುವುದು ಸುಮಾರು 3,000 ಅಡಿಯ ಮೇಲೆ. ವಿದ್ಯುತ್ತು ಕೊಡುವ ನದಿಯನ್ನೇ ವಿದ್ಯುತ್ತು ಸುಟ್ಟು ಮೇಲೇರಿಸುವ ಈ ಜಾಣತನವನ್ನು ವಿರೋಧಿಸಿ ಆ ವರ್ಷದ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು.

ಅಗಡಿಯ ಯುವಕ ಶರಾವತಿಯನ್ನು ಬೇಡಿದವನಲ್ಲ. ಅವನು ಬೇಡಿದ್ದು ಉದ್ಯೋಗ. ಹೆಜ್ಜೆಯಳತೆಯ ದೂರದಲ್ಲಿ ರಾಣೆಬೆನ್ನೂರಿನ ಬೀಜೋದ್ಯಮವಿದೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಿದೆ. ಆದರೆ ಆ ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ಬಹುಪಾಲು ಇಂದು ಬಳ್ಳಾರಿ, ರಾಯಚೂರು, ಆಂಧ್ರಗಳದು. ಸುತ್ತಲಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಣಸಿನಗಿಡ ಮುಟುರುರೋಗಕ್ಕೆ ಸೋತು ಗೋವಿನಜೋಳಕ್ಕೆ ಸ್ಥಳ ಬಿಟ್ಟಿದೆ. ಈ ಹೊಲಗಳಿಗೆ, ಇಲ್ಲಿಯ ಕೆರೆಗಳಿಗೆ ಬೇಕಾದ ಹಣ ಕೇಳಿದರೆ ಬೊಕ್ಕಸ ಬರಿದು, 400 ಕಿ.ಮೀ. ಕೊಳವೆಗೆ ಮಾತ್ರ ಅದೇ ಬೊಕ್ಕಸ ಅಕ್ಷಯಪಾತ್ರೆ. 2020ರ ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಮರಳಿದವರಿಗೆ ಅನ್ನ ಹಾಕಿದ್ದು ಇವೇ ಊರುಗಳು.

ಲಿಂಗನಮಕ್ಕಿಗಾಗಿ 1960ರ ದಶಕದಲ್ಲಿ ಮನೆ ಮುಳುಗಿಸಿಕೊಂಡು ಎದ್ದುಬಂದ ಕುಟುಂಬಗಳಲ್ಲಿ ಅನೇಕರಿಗೆ, ತಾವು ಉಳುವ ನೆಲದ ಹಕ್ಕುಪತ್ರ ಇನ್ನೂ ಕೈಸೇರಿಲ್ಲ.