ಉಪ್ಪು, ಸಕ್ಕರೆ ಮತ್ತು ಬ್ಯಾಡಗಿ ಮೆಣಸಿನಕಾಯಿ

ಮಕ್ಕಳೇ,

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಶಾಲೆಗಳಿಗೆ ಹೋದಾಗ ‘ಅಯಾನಿಕ ಬಂಧ ಎಂದರೇನು?’ ಎಂದು ಕೇಳುತ್ತೇನೆ. ‘ಎಲೆಕ್ಟ್ರಾನ್ ಕೊಟ್ಟು ಪಡೆಯುವುದು’ ಎಂಬ ಉತ್ತರ ಥಟ್ಟನೆ ಬರುತ್ತದೆ. ‘ನಿಮ್ಮ ಅಡುಗೆಮನೆಯಲ್ಲಿ ಅದು ಎಲ್ಲಿದೆ?’ ಎಂದರೆ ಎಲ್ಲರೂ ಮೌನ! ಬರೀ ಬಾಯಿಪಾಠ ಸಾಲದು ಎಂಬುದು ನನ್ನ ಅಭಿಪ್ರಾಯ.

ಉಪ್ಪನ್ನೇ ನೋಡಿ. ಸೋಡಿಯಂ ಪರಮಾಣು ಹೊರಕವಚದ 1 ಎಲೆಕ್ಟ್ರಾನನ್ನು ಕ್ಲೋರಿನ್ ಪರಮಾಣುವಿಗೆ ಕೊಡುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಇವುಗಳ ನಡುವಿನ ಆಕರ್ಷಣೆಯೇ ಅಯಾನಿಕ ಬಂಧ.

ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಅದರ ಒಂದು ಅಣುವಿನಲ್ಲಿ 40 ಕಾರ್ಬನ್, 56 ಹೈಡ್ರೋಜನ್, 3 ಆಕ್ಸಿಜನ್ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಕೂಡಿವೆ. ಇದು ಸಹವೇಲೆನ್ಸೀಯ ಬಂಧ.

ಉಪ್ಪು ನೀರಿನಲ್ಲಿ ಕರಗುತ್ತದೆ. ಈ ಕೆಂಪು ಬಣ್ಣ ನೀರಿನಲ್ಲಿ ಕರಗದೆ ಒಗ್ಗರಣೆಯ ಎಣ್ಣೆಯಲ್ಲಿ ಕರಗುತ್ತದೆ. ಹಾಗಾದರೆ ನೀರಿನಲ್ಲಿ ಕರಗುವುದೆಲ್ಲ ಅಯಾನಿಕವೇ? ಅವಸರ ಬೇಡ! ಸಕ್ಕರೆಯೂ ಕರಗುತ್ತದೆ, ಆದರೆ ಅದರದ್ದು ಸಹವೇಲೆನ್ಸೀಯ ಬಂಧ.

ಶಿಕ್ಷಕರ ಜೊತೆಗೂಡಿ ನೀವೇ ಪರೀಕ್ಷಿಸಿ. 4 ಟಾರ್ಚ್ ಸೆಲ್, ಒಂದು ಕೆಂಪು ಎಲ್‌ಇಡಿ, ಎರಡು ಮೊಳೆಗಳನ್ನು ತಂತಿಯಿಂದ ಜೋಡಿಸಿ. ಮನೆಯ ವಿದ್ಯುತ್ತನ್ನು ಮಾತ್ರ ಮುಟ್ಟಲೇಬೇಡಿ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಲವಣಗಳಿರುವುದರಿಂದ ಡಿಸ್ಟಿಲ್ಡ್ ವಾಟರ್ ಬಳಸಿ. ಉಪ್ಪುನೀರಿನಲ್ಲಿ ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಅದ್ದಿದರೆ ದೀಪ ಹೊತ್ತುತ್ತದೆ. ಸಕ್ಕರೆ ನೀರಿನಲ್ಲಿ ಹೊತ್ತುವುದಿಲ್ಲ, ಏಕೆಂದರೆ ಅಲ್ಲಿ ವಿದ್ಯುತ್ ಸಾಗಿಸುವ ಅಯಾನುಗಳಿಲ್ಲ.

ಕಂಡದ್ದನ್ನು ಬರೆದಿಡಿ. ಮುಂದಿನ ಸಲ ನಿಮ್ಮ ಶಾಲೆಗೆ ಬಂದಾಗ ನಾನು ವ್ಯಾಖ್ಯೆ ಕೇಳುವುದಿಲ್ಲ, ಇದನ್ನೇ ಕೇಳುತ್ತೇನೆ.