ಕವಿಗೆ ಸ್ವಲ್ಪ ಹುಚ್ಚಿರಬೇಕು ಎನ್ನುವವರಿಗೆ

ಕಳೆದ ತಿಂಗಳು ಒಂದು ವಿಚಾರಸಂಕಿರಣದಲ್ಲಿ ಹಿರಿಯ ವಿಮರ್ಶಕರೊಬ್ಬರು ಮಾತಿನ ನಡುವೆ, ‘ದೊಡ್ಡ ಕವಿಯಾಗಬೇಕಾದರೆ ಒಂಚೂರು ಬೈಪೋಲಾರ್ ಆಗಿರಬೇಕಪ್ಪ’ ಎಂದರು. ಸಭೆ ನಕ್ಕು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಎಂ.ಎ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು. ಊಟದ ಹೊತ್ತಿಗೆ ಅದು ಇಬ್ಬರ ವಾಟ್ಸಾಪ್ ಸ್ಟೇಟಸ್ ಆಗಿತ್ತು. ಪ್ರಶ್ನೋತ್ತರದಲ್ಲಿ ನಾನು ಎದ್ದು ನಿಲ್ಲಲಿಲ್ಲ. ಪಿಎಚ್.ಡಿ. ಮಾಡುವವರಿಗೆ ಎದ್ದು ನಿಲ್ಲದಿರಲು ನೂರು ಕಾರಣಗಳಿರುತ್ತವೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಚ್ಚು ಎಂಬ ಪದದ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದಲ್ಲಿ ಅದು ಅರ್ಧ ಮುದ್ದಿನ ಮಾತು. ಓದಿನ ಹುಚ್ಚು, ನಾಟಕದ ಹುಚ್ಚು, ಯಕ್ಷಗಾನದ ಹುಚ್ಚು ಎಂದೆಲ್ಲ ಅನ್ನುತ್ತೇವೆ, ಯಾರಿಗೂ ನೋವಾಗುವುದಿಲ್ಲ. ಆದರೆ ಬೈಪೋಲಾರ್ ಎನ್ನುವುದು ಒಂದು ಕಾಯಿಲೆಯ ಹೆಸರು. ಅದು ಶುರುವಾಗುವ ವಯಸ್ಸಿನವರೇ ಆ ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ತಕರಾರು ಇಷ್ಟೇ: ಈ ಕಾಯಿಲೆ ಒಬ್ಬನಲ್ಲಿ ಮೊಳೆಯುವಾಗ ಸಾಹಿತ್ಯದ ಜನರಾದ ನಾವು ಅದನ್ನು ಪ್ರತಿಭೆ ಎಂದು ಕರೆದು ನೀರೆರೆಯುತ್ತೇವೆ.

ನಾನೂ ಎರೆದಿದ್ದೇನೆ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯನ ಕತೆಯನ್ನು ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಹೆಸರು, ಊರು ಬೇಡ. ಮೊದಲ ವರ್ಷದ ಕೊನೆಗೆ ಅವನು ಮಂಕಾದ. ಬೆಳಿಗ್ಗೆ ಏಳುತ್ತಿರಲಿಲ್ಲ, ಮೆಸ್ಸಿಗೆ ಬರುತ್ತಿರಲಿಲ್ಲ, ಸ್ನಾನವನ್ನೂ ಬಿಟ್ಟ. ನಾವು ಅದಕ್ಕೆ ‘ಲವ್ ಫೇಲ್ಯೂರ್’ ಎಂದು ಹೆಸರಿಟ್ಟು ಕೈತೊಳೆದುಕೊಂಡೆವು. ಅವನಿಗೆ ಲವ್ವೇ ಇರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಎರಡು ತಿಂಗಳಲ್ಲಿ ತಾನಾಗಿ ಸರಿಹೋದ. ಮುಂದಿನ ವರ್ಷ ಪರೀಕ್ಷೆ ಹತ್ತಿರ ಬಂದಾಗ ಸರಿಗಿಂತ ಹೆಚ್ಚು ಸರಿಹೋದ. ರಾತ್ರಿ ಎರಡಕ್ಕೆ ಎಬ್ಬಿಸಿ ಪದ್ಯ ಓದುತ್ತಿದ್ದ. ನಾಲ್ಕೇ ದಿನದಲ್ಲಿ ಇನ್ನೂರು ಪುಟದ ನೋಟ್‌ಬುಕ್ ತುಂಬಿತು. ಪಂಪನಿಂದ ಅಲ್ಲಮನವರೆಗೆ ಎಲ್ಲರನ್ನೂ ಬಿಡಿಸುವ ಒಂದೇ ಸೂತ್ರ ಸಿಕ್ಕಿದೆ ಎಂದ. ನಾವು ಬೆರಗಾದೆವು. ಫ್ಲಾಸ್ಕಿನಲ್ಲಿ ಚಹಾ ತಂದಿಟ್ಟೆವು. ಸ್ಕಾಲರ್‌ಶಿಪ್ ಹಣವನ್ನೆಲ್ಲ ಪುಸ್ತಕದಂಗಡಿಗೆ ಸುರಿದು, ಕೊಂಡದ್ದನ್ನು ಸಿಕ್ಕವರಿಗೆ ಹಂಚಿದಾಗ ‘ದಾನಶೂರ ಕರ್ಣ’ ಎಂದು ಬೆನ್ನು ತಟ್ಟಿದೆವು. ಒಂಬತ್ತನೇ ದಿನ, ಅಡುಗೆಯವರು ತನಗೆ ವಿಷ ಹಾಕುತ್ತಿದ್ದಾರೆಂದು ಕೂಗಾಡಿ, ಹಿಡಿಯಲು ಹೋದವನಿಗೆ ಹೊಡೆದ. ಅದು ಕಾಯಿಲೆ ಎಂದು ನಮಗೆ ಹೊಳೆದದ್ದು ಅವತ್ತು, ಹೊಡೆತ ಬಿದ್ದ ಮೇಲೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು, ‘ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ?’ ಎಂದು. ನಮ್ಮಲ್ಲಿ ಪ್ರತಿಯೊಬ್ಬನಿಗೂ ಉತ್ತರ ಗೊತ್ತಿತ್ತು. ರಾತ್ರಿಗಳನ್ನು ಎಣಿಸಿ ಹೇಳುವಷ್ಟು ಗೊತ್ತಿತ್ತು.

ಈ ಕಾಯಿಲೆ ಶುರುವಾಗುವ ಬಗೆ ವೇದಿಕೆಯ ಮೇಲಿನ ವರ್ಣನೆಗೆ ಒಗ್ಗುವಂಥದ್ದಲ್ಲ. ಬಹಳಷ್ಟು ಜನರಲ್ಲಿ ಇದು ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಅನೇಕ ಸಲ ಮೊದಲು ಬರುವುದು ಖಿನ್ನತೆ. ಆಗ ವೈದ್ಯರ ಬಳಿ ಹೋದರೂ ಅದು ಬೇರೆ ಯಾವ ಖಿನ್ನತೆಯಂತೆಯೇ ಕಾಣುತ್ತದೆ. ಖಿನ್ನತೆಯ ಮಾತ್ರೆಯೊಂದನ್ನೇ ನುಂಗಿದರೆ ಕೆಲವರು ಉನ್ಮಾದಕ್ಕೆ ಜಿಗಿಯುತ್ತಾರೆ. ಅದಕ್ಕೇ ಅನುಭವಸ್ಥ ಮನೋವೈದ್ಯರು, ‘ಮೂರು ತಾಸು ಮಲಗಿದರೂ ದಣಿವೇ ಆಗದ ದಿನಗಳು ಹಿಂದೆ ಯಾವಾಗಲಾದರೂ ಇದ್ದವೇ?’ ಎಂದು ಕೆದಕಿ ಕೇಳುವುದು. ಹುರುಪು ಒಂದು ವಾರ ಎಡೆಬಿಡದೆ ಉಳಿದು, ಬದುಕನ್ನೇ ಅಸ್ತವ್ಯಸ್ತ ಮಾಡಿದರೆ ಅದು ಉನ್ಮಾದ. ಅದಕ್ಕಿಂತ ತೆಳುವಾದ, ಕನಿಷ್ಠ ನಾಲ್ಕು ದಿನದ ರೂಪಕ್ಕೆ ಹೈಪೋಮೇನಿಯ ಎನ್ನುತ್ತಾರೆ. ಇದನ್ನು ಯಾರೂ ವೈದ್ಯರ ಬಳಿ ಹೇಳಿಕೊಳ್ಳುವುದಿಲ್ಲ, ಯಾಕೆಂದರೆ ಆ ದಿನಗಳಲ್ಲಿ ತಮಗೇನೋ ಆಗಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಹೀಗೆ ಕಾಯಿಲೆ ಶುರುವಾಗುವುದಕ್ಕೂ ಅದಕ್ಕೆ ಸರಿಯಾದ ಹೆಸರು ಬೀಳುವುದಕ್ಕೂ ನಡುವೆ ಐದಾರು ವರ್ಷ ಕಳೆದುಹೋಗುವುದು ಸಾಮಾನ್ಯ. ಐದಾರು ವರ್ಷವೆಂದರೆ ಒಂದು ಡಿಗ್ರಿ, ಒಂದು ಎಂ.ಎ., ಮೇಲೊಂದು ನೆಟ್ ಪರೀಕ್ಷೆ.

ಭಾರತದ ಆಸ್ಪತ್ರೆಗಳಿಂದ ಬಂದಿರುವ ಅಧ್ಯಯನಗಳಲ್ಲಿ ಖಿನ್ನತೆಗಿಂತ ಉನ್ಮಾದದ ಕಂತುಗಳೇ ಹೆಚ್ಚು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ದೇಹದ ಕಾರಣಗಳಿರಬಹುದು. ನನಗನ್ನಿಸುವುದು ಇನ್ನೊಂದು. ಮೂಲೆಯಲ್ಲಿ ಮುದುಡಿ ಮಲಗಿದವನಿಂದ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಅವನನ್ನು ಯಾರು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆತರುತ್ತಾರೆ? ಬೀದಿಗೆ ಬಂದು ಕೂಗಿದಾಗ ಮಾತ್ರ ಊರು ಎಚ್ಚರಾಗುತ್ತದೆ. ನಮ್ಮ ಹಾಸ್ಟೆಲಿನಲ್ಲಿ ನಡೆದದ್ದೂ ಅದೇ.

ಮುಂದೆ ಅದು ಬೆಳೆಯುವ ಬಗೆಯನ್ನು ವಿವರಿಸಲು ಅಮೆರಿಕದ ರಾಬರ್ಟ್ ಪೋಸ್ಟ್ ಎಂಬ ಮನೋವೈದ್ಯ 1992ರಲ್ಲಿ ಒಂದು ಹೋಲಿಕೆ ಮುಂದಿಟ್ಟ. ಅದನ್ನು ನಮ್ಮ ಒಲೆಯ ಭಾಷೆಯಲ್ಲಿ ಹೇಳಬಹುದು. ತಣ್ಣಗಿನ ಒಲೆ ಹೊತ್ತಿಸಲು ಪುಳ್ಳೆ ಬೇಕು, ಸೀಮೆಎಣ್ಣೆ ಬೇಕು, ಊದಬೇಕು. ಒಮ್ಮೆ ಕೆಂಡವಾದ ಮೇಲೆ ಒಂದು ಗಾಳಿ ಸಾಕು. ಹಾಗೆಯೇ ಮೊದಲ ಕಂತುಗಳಿಗೆ ಒಂದು ಸಾವು, ಒಂದು ಪರೀಕ್ಷೆ, ನಿದ್ದೆಗೆಟ್ಟ ರಾತ್ರಿಗಳು ಕಾರಣವಾದರೆ, ಆಮೇಲಿನವು ಕಾರಣವಿಲ್ಲದೆಯೂ ಬರುತ್ತವೆ. ಈ ವಾದ ಎಲ್ಲ ರೋಗಿಗಳಿಗೂ ಒಪ್ಪುವುದಿಲ್ಲ, ಚರ್ಚೆ ಮುಗಿದಿಲ್ಲ. ಆದರೆ ನಿದ್ದೆಯ ಬಗ್ಗೆ ಅಂಥ ಜಗಳವಿಲ್ಲ. ನಿದ್ದೆಗೇಡು ಉನ್ಮಾದದ ಲಕ್ಷಣವೂ ಹೌದು, ಅದನ್ನು ಕರೆತರುವ ದಾರಿಯೂ ಹೌದು. ಈಗ ನೆನಪಿಸಿಕೊಳ್ಳಿ, ನಮ್ಮ ಸಾಹಿತ್ಯದ ಹರಟೆಗಳಲ್ಲಿ ‘ರಾತ್ರಿಯಿಡೀ ಬರೆದೆ’ ಎಂಬ ಮಾತಿಗೆ ಎಂಥ ಮರ್ಯಾದೆ!

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಕಟ್ಟಿದವರು ತಮಾಷೆ ಮಾಡಿದ್ದರು. ನಮ್ಮ ಮನೆಗಳು ಅದರ ಎರಡನೇ ಅರ್ಧವನ್ನು ಔಷಧಿ ಚೀಟಿ ಮಾಡಿಕೊಂಡಿವೆ. ಹುಡುಗಿಯ ಕಾಯಿಲೆಯನ್ನು ಮುಚ್ಚಿಟ್ಟು, ಮಾತ್ರೆ ನಿಲ್ಲಿಸಿ, ಧಾರೆ ಎರೆದುಕೊಡುತ್ತಾರೆ. ಹೆರಿಗೆಯ ನಂತರದ ವಾರಗಳಲ್ಲಿ ಈ ಕಾಯಿಲೆ ಮರುಕಳಿಸುವ ಅಪಾಯ ಬಹಳ ಹೆಚ್ಚು. ಆಗ ಬಾಣಂತಿಗೆ ಗಾಳಿ ಸೋಕಿದೆ ಎನ್ನುತ್ತಾರೆ. ವಂಶದಲ್ಲಿ ಹರಿದುಬರುವ ಪಾಲು ಇದರಲ್ಲಿ ದೊಡ್ಡದು, ಹೌದು. ಆದರೆ ಒಂದೇ ತದ್ರೂಪಿನ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಮುಚ್ಚಿಟ್ಟ ಅಜ್ಜಿಯ ಕತೆ ಡಾಕ್ಟರಿಗೆ ಮೊದಲೇ ಸಿಕ್ಕಿದ್ದರೆ ಮೊಮ್ಮಗಳ ಐದಾರು ವರ್ಷ ಉಳಿಯುತ್ತಿದ್ದವೋ ಏನೋ.

ಇನ್ನು ಹುಚ್ಚುಕವಿಗಳ ಪಟ್ಟಿಗೆ ಬರೋಣ. ಸತ್ತವರಿಗೆಲ್ಲ ಪತ್ರಗಳನ್ನು ಓದಿ ರೋಗ ಹಚ್ಚುವ ಆಟ ನನಗೆ ಬೇಡ. ಆಸ್ಪತ್ರೆಯ ದಾಖಲೆಯೇ ಇರುವ ಅಮೆರಿಕದ ಕವಿ ರಾಬರ್ಟ್ ಲೊವೆಲ್ ಸಾಕು. 1917ರಲ್ಲಿ ಹುಟ್ಟಿದವನು, 1947ರಲ್ಲಿ ಪುಲಿಟ್ಜರ್ ಪಡೆದವನು. 1949ರ ಆರಂಭದಲ್ಲಿ, ಲೇಖಕರು ತಂಗಿ ಬರೆಯುವ ಯಾಡೋ ಎಂಬಲ್ಲಿ, ಅಲ್ಲಿಯ ನಿರ್ದೇಶಕಿಗೆ ಕಮ್ಯುನಿಸ್ಟರ ನಂಟಿದೆಯೆಂದು ಎಬ್ಬಿಸಿದ. ಅವನ ಜೊತೆ ದನಿಗೂಡಿಸಿದವರು ಯಾರು? ಎಲಿಜಬೆತ್ ಹಾರ್ಡ್‌ವಿಕ್, ಫ್ಲಾನರಿ ಓಕಾನರ್‌ರಂಥ ಚೂಪು ಬುದ್ಧಿಯ ಲೇಖಕಿಯರು. ಕಮ್ಯುನಿಸ್ಟ್ ಭಯದ ಆ ಕಾಲದಲ್ಲಿ ಉನ್ಮಾದವೂ ರಾಜಕೀಯ ನಿಲುವಿನಂತೆ ಕಂಡಿತು. ಕೆಲವೇ ವಾರಗಳಲ್ಲಿ ಲೊವೆಲ್‌ನನ್ನು ಇಂಡಿಯಾನಾದ ಬ್ಲೂಮಿಂಗ್‌ಟನ್‌ನಲ್ಲಿ ಪೊಲೀಸರು ಹಿಡಿದರು, ಆಮೇಲೆ ಆಸ್ಪತ್ರೆ ಸೇರಿಸಲಾಯಿತು. ಓದುತ್ತ ನನಗೆ ನಮ್ಮ ಫ್ಲಾಸ್ಕಿನ ಚಹಾ ನೆನಪಾಯಿತು.

ಅದೇ ವರ್ಷ ಹಾರ್ಡ್‌ವಿಕ್ ಅವನನ್ನು ಮದುವೆಯಾದಳು. ಮುಂದಿನ ಹದಿನೆಂಟು ವರ್ಷಗಳಲ್ಲಿ ಉನ್ಮಾದ ಮತ್ತೆ ಮತ್ತೆ ಬಂತು. ಬಂದಾಗೆಲ್ಲ ಅವನು ಇನ್ನೊಬ್ಬ ತರುಣಿಯನ್ನು ಪ್ರೀತಿಸುತ್ತಿದ್ದ, ಹೊಸ ಬಾಳು ಘೋಷಿಸುತ್ತಿದ್ದ. ಆಮೇಲೆ ಆಸ್ಪತ್ರೆ, ಆಮೇಲೆ ಪಾತಾಳದಂಥ ಖಿನ್ನತೆ ಮತ್ತು ನಾಚಿಕೆ. ಬಿಲ್ಲು ಕಟ್ಟಿದವಳು, ವೈದ್ಯರ ಜೊತೆ ಮಾತಾಡಿದವಳು, ಮಗಳನ್ನು ಸಾಕಿದವಳು ಹಾರ್ಡ್‌ವಿಕ್. ಕವಿಗೆ ಹುಚ್ಚಿರಬೇಕು ಎನ್ನುವವರು ಒಮ್ಮೆಯಾದರೂ ಕವಿಯ ಹೆಂಡತಿಯ ಕಡೆಯಿಂದ ಲೆಕ್ಕ ಹಾಕಿದ್ದಾರೆಯೇ?

ಲಿಥಿಯಂ ಎಂಬ ಅಗ್ಗದ ಲವಣ ಉನ್ಮಾದವನ್ನು ತಗ್ಗಿಸುತ್ತದೆ ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ ಪ್ರಕಟಿಸಿದ್ದೂ 1949ರಲ್ಲೇ. ಅದು ಲೊವೆಲ್‌ನಿಗೆ ಸಿಕ್ಕಿದ್ದು 1967ರಲ್ಲಿ. ಮಾತ್ರೆಯಿಂದ ಕವಿತೆ ಸಾಯುತ್ತದೆ ಎನ್ನುವವರಿಗೆ ಗೊತ್ತಿರಲಿ, 1974ರಲ್ಲಿ ಅವನಿಗೆ ಎರಡನೇ ಪುಲಿಟ್ಜರ್ ತಂದ ‘ದಿ ಡಾಲ್ಫಿನ್’ ಲಿಥಿಯಂ ನಂತರದ ಪುಸ್ತಕ. (ಅದರಲ್ಲಿ ಅವನು ಹಾರ್ಡ್‌ವಿಕ್‌ಳ ಪತ್ರಗಳನ್ನು ಕೇಳದೆಯೇ ಬಳಸಿ, ತಿದ್ದಿ ಸೇರಿಸಿದ. ಆ ತಪ್ಪನ್ನು ಕಾಯಿಲೆಯ ತಲೆಗೆ ಕಟ್ಟಲು ನಾನು ತಯಾರಿಲ್ಲ.) ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಕಲಾವಿದರನ್ನು ಡೆನ್ಮಾರ್ಕಿನ ಮೊಗೆನ್ಸ್ ಷೌ ವಿಚಾರಿಸಿದ್ದ. 1979ರಲ್ಲಿ ಅವನು ಪ್ರಕಟಿಸಿದ ಪ್ರಕಾರ 12 ಮಂದಿ ಕೆಲಸ ಹೆಚ್ಚಿತು ಎಂದರು, ಆರು ಮಂದಿ ವ್ಯತ್ಯಾಸವಿಲ್ಲ ಎಂದರು, ಆರು ಮಂದಿ ಕಡಿಮೆಯಾಯಿತು ಎಂದರು. ಸಣ್ಣ ಲೆಕ್ಕ, ನಿಜ. ಆ ಕೊನೆಯ ಆರು ಮಂದಿಯನ್ನು ನಾನು ಮರೆಮಾಚುವುದಿಲ್ಲ.

ಹಾಗಾದರೆ ಸೃಜನಶೀಲತೆಗೂ ಇದಕ್ಕೂ ನಂಟೇ ಇಲ್ಲವೇ? ಇದೆ. ಸ್ವೀಡನ್ನಿನಲ್ಲಿ ಮೂರು ಲಕ್ಷ ಮನೋರೋಗಿಗಳ ದಾಖಲೆಗಳನ್ನು ಜಾಲಾಡಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೃಜನಶೀಲ ವೃತ್ತಿಗಳಲ್ಲಿ ಬೈಪೋಲಾರ್ ಇರುವವರ ಪ್ರಮಾಣ ಹೆಚ್ಚು ಎಂದಿತು. ಎದುರುವಾದಿಗಳು ಇಲ್ಲಿಗೇ ಪುಟ ಮಡಚುತ್ತಾರೆ. ಅದೇ ಅಧ್ಯಯನದಲ್ಲಿ ಆ ರೋಗಿಗಳ ಆರೋಗ್ಯವಂತ ಒಡಹುಟ್ಟಿದವರ ಪ್ರಮಾಣವೂ ಹೆಚ್ಚೇ ಇತ್ತು. ಅಂದರೆ ಮನೆತನದಲ್ಲಿ ಏನೋ ಇರಬಹುದು, ಅದನ್ನು ಪಡೆಯಲು ಕಾಯಿಲೆ ಬೀಳಬೇಕಾಗಿಲ್ಲ. ಕಾಯಿಲೆಯ ದಿನಚರಿಯಾದರೂ ಎಂಥದ್ದು? ಅಮೆರಿಕದಲ್ಲಿ 146 ರೋಗಿಗಳನ್ನು ಸುಮಾರು ಹದಿಮೂರು ವರ್ಷ ಹಿಂಬಾಲಿಸಿದ, 2002ರಲ್ಲಿ ಬಂದ ವರದಿಯಲ್ಲಿ ಅವರ ವಾರಗಳ ಮೂರನೇ ಒಂದು ಪಾಲು ಖಿನ್ನತೆಗೇ ಹೋಗಿತ್ತು. ಹುರುಪಿನ, ಉನ್ಮಾದದ ವಾರಗಳು ನೂರಕ್ಕೆ ಒಂಬತ್ತು. ವೇದಿಕೆಯ ಮೇಲೆ ಆ ಒಂಬತ್ತು ವಾರಗಳ ಬಗ್ಗೆಯೇ ಭಾಷಣ. ಉಳಿದದ್ದು ಹಾಸ್ಟೆಲಿನ ಮುಚ್ಚಿದ ಬಾಗಿಲ ಹಿಂದೆ.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದು, ಈ ಕಾಯಿಲೆಯಿರುವ ನೂರರಲ್ಲಿ ಎಪ್ಪತ್ತು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು. ಆ ಎಪ್ಪತ್ತರಲ್ಲಿ ಕೆಲವರು ನಮ್ಮ ತರಗತಿಗಳಲ್ಲಿದ್ದಾರೆ, ಕಮ್ಮಟಗಳಿಗೆ ಬರುತ್ತಾರೆ, ನಮಗೆ ಪದ್ಯ ತೋರಿಸುತ್ತಾರೆ. ಅವರಿಗೆ ಹೇಳಬೇಕಾದದ್ದು 14416 ಎಂಬ ಟೆಲಿ-ಮಾನಸ್ ನಂಬರು. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾವು ಹೇಳುವುದು ಏನು? ‘ಅದ್ಭುತ, ಹೀಗೇ ಬರೀತಿರು.’

ನನ್ನ ಗೆಳೆಯ ಈಗ ಮೇಷ್ಟರು. ಮೂರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟ ನೋಡಲು ರಕ್ತ ಕೊಡುತ್ತಾನೆ. ಬೋರ್ಡಿನ ಮೇಲೆ ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ಹತ್ತಕ್ಕೆ ಮಲಗಲೇಬೇಕು, ಹಾಗಾಗಿ ಕವಿಗೋಷ್ಠಿ ತಡವಾದರೆ ನಡುವೆಯೇ ಎದ್ದುಹೋಗುತ್ತಾನೆ, ಸಂಘಟಕರು ಅಹಂಕಾರ ಎನ್ನುತ್ತಾರೆ. ಬರವಣಿಗೆ ಮೊದಲಿನಷ್ಟಿಲ್ಲ. ಆ ಇನ್ನೂರು ಪುಟದ ನೋಟ್‌ಬುಕ್ಕನ್ನು ನಾನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಕಳೆದ ವರ್ಷ ಅವನ ಮನೆಗೆ ಹೋದಾಗ ಕೊಟ್ಟೆ. ನಾಲ್ಕೈದು ಪುಟ ಓದಿ, ‘ಇದರಲ್ಲಿ ಏನೂ ಇಲ್ವಲ್ಲೋ’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆವತ್ತು ನೀವ್ಯಾರೂ ಹೇಳಲೇ ಇಲ್ಲ’ ಎಂದ.